ಬಾಗಿಲಿಗೆ ಬೀಗ ಇದ್ದರೆ ಹೆಸರಿಗೂ ಬೀಗವೇ?

ಮಾನ್ಯರೇ,

ಪ್ರತಿ ಚುನಾವಣೆಯ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎರಡು ಸುದ್ದಿ ತಪ್ಪುವುದಿಲ್ಲ. ಒಂದು, ತೊಂಬತ್ತು ದಾಟಿದ ಅಜ್ಜಿ ಮಸಿ ಹಚ್ಚಿದ ಬೆರಳು ಎತ್ತಿ ತೋರಿಸುವ ಫೋಟೊ. ಇನ್ನೊಂದು, ಕೆಳಗಿನ ಮೂಲೆಯಲ್ಲಿ ನಾಲ್ಕು ಸಾಲು: ‘ಪಟ್ಟಿಯಲ್ಲಿ ಹೆಸರಿಲ್ಲ, ಮತ ಹಾಕದೆ ಮರಳಿದರು.’ ಅಜ್ಜಿಯ ಫೋಟೊ ಬಗ್ಗೆ ನಮ್ಮ ತಕರಾರಿಲ್ಲ. ಈ ಪತ್ರ ಆ ಮೂಲೆಯ ಸುದ್ದಿ ಕುರಿತದ್ದು. ಮತದಾರರ ಪಟ್ಟಿ ಪರಿಶೀಲಿಸುವ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿ ಮನೆಮನೆ ಅಲೆದು, ಮತಗಟ್ಟೆಯ ಒಂದನೇ ಮೇಜಿನಿಂದ ಹಿಡಿದು ಪಿಆರ್‌ಒ (ಮತಗಟ್ಟೆಯ ಅಧ್ಯಕ್ಷಾಧಿಕಾರಿ) ಕುರ್ಚಿಯವರೆಗೆ ಕೂತು ನಿವೃತ್ತರಾದ ಶಿಕ್ಷಕರು ನಾವು. ಹಾಗೆ ಮರಳಿದವರಲ್ಲಿ ಹಲವರು ಮರಳಬೇಕಾಗಿಯೇ ಇರಲಿಲ್ಲ ಎಂದು ಹೇಳುವುದಕ್ಕೆ ಈ ಪತ್ರ.

ಹೆಸರು ಕಳೆಯುವುದು ಮತದಾನದ ದಿನ ಅಲ್ಲ, ಅದಕ್ಕೂ ಎಷ್ಟೋ ತಿಂಗಳು ಮೊದಲು. ನಮ್ಮ ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಮಸ್ಕಿ, ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆಯ ಒಣಬೇಸಾಯದ ಊರುಗಳಿರಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಊರುಗಳಿರಲಿ, ಹೊಲದ ಕೆಲಸ ಮುಗಿದರೆ ಜನ ಗುಳೆ ಹೋಗುತ್ತಾರೆ. ಬಿಎಲ್‌ಒ ಬಂದಾಗ ಬಾಗಿಲಿಗೆ ಬೀಗ. ಪಕ್ಕದ ಮನೆಯವರನ್ನು ಕೇಳಿದರೆ ‘ಊರಾಗಿಲ್ರೀ, ದುಡಿಯಾಕ ಹೋಗ್ಯಾರ’ ಎಂಬ ಉತ್ತರ. ಬಿಎಲ್‌ಒ ಪುಸ್ತಕದಲ್ಲಿ ಅದು ‘ಸ್ಥಳಾಂತರ’ ಆಗಿಬಿಡುತ್ತದೆ. ಗುಳೆ ಬೇರೆ, ಸ್ಥಳಾಂತರ ಬೇರೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಕಲಂ ಇದನ್ನು ಬಿಡಿಸಿ ಹೇಳಿದೆ: ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಒಬ್ಬ ವ್ಯಕ್ತಿ ಆ ಊರಿನ ಸಾಮಾನ್ಯ ನಿವಾಸಿ ಅಲ್ಲದೆ ಹೋಗುವುದಿಲ್ಲ. ಹೆಸರು ತೆಗೆಯುವ ಮುನ್ನ ನೋಟಿಸು ಕೊಡಬೇಕು ಎಂಬ ನಿಯಮವೂ ಇದೆ. ಆದರೆ ಬೀಗ ಹಾಕಿದ ಬಾಗಿಲಿಗೆ ನೋಟಿಸು ಅಂಟಿಸಿದರೆ ಓದುವವರು ಯಾರು, ಬಾಗಿಲೇ?

ಇದಕ್ಕೆ ಮದ್ದು ಕಷ್ಟದ್ದೇನಲ್ಲ. ನಮ್ಮ ಕಡೆ ಯುಗಾದಿಗೆ ಬರದವರೂ ಮೊಹರಂಗೆ ಬರುತ್ತಾರೆ. ಊರ ಜಾತ್ರೆಗಂತೂ ತೇರು ಎಳೆಯುವ ಹೊತ್ತಿಗೆ ಎಲ್ಲರೂ ಹಾಜರು. ಬೀಗ ಕಂಡ ಮನೆಗೆ ಬಿಎಲ್‌ಒ ಎರಡನೇ ಸಲ ಹೋಗುವುದು ಆ ದಿನಗಳಲ್ಲಿ ಆಗಬೇಕು. ತೆಗೆಯಲು ಗುರುತು ಮಾಡಿದ ಹೆಸರುಗಳನ್ನು ಪಂಚಾಯಿತಿ ಗೋಡೆಗೆ ಅಂಟಿಸಿ ಫೋಟೊ ತೆಗೆದು ಕಳಿಸಿದರೆ ಸಾಲದು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ‘ಅಂವ ನಮ್ಮ ತಮ್ಮರೀ, ಬೆಂಗಳೂರಾಗ ಅದಾನ, ಹಬ್ಬಕ್ಕ ಬರ್ತಾನ’ ಎನ್ನಲು ಒಬ್ಬರು ಎದ್ದು ನಿಂತರೂ ಒಂದು ಹೆಸರು ಉಳಿಯುತ್ತದೆ.

ಹೆಸರು ಆಗಲೇ ಹೋಗಿದ್ದರೆ ನಮೂನೆ 6 ತುಂಬಬೇಕು. ತವರಿನ ಪಟ್ಟಿಯಲ್ಲಿರುವ ಹೆಸರನ್ನು ಗಂಡನ ಊರಿಗೆ ತರಲು, ಹೆಸರು ಅಥವಾ ಫೋಟೊ ತಿದ್ದಿಸಲು, ಕಳೆದ ಕಾರ್ಡ್ ಮತ್ತೆ ಪಡೆಯಲು ನಮೂನೆ 8. ಸೊಸೆಯಂದಿರ ಹೆಸರು ಹತ್ತು ವರ್ಷವಾದರೂ ತವರಿನಲ್ಲೇ ಇರುವ ಮನೆಗಳು ಪ್ರತಿ ಓಣಿಯಲ್ಲೂ ಇವೆ. ಈಗ ಜನವರಿ 1 ಒಂದೇ ಅಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೆ ಹದಿನೆಂಟು ತುಂಬುವವರೂ ಅರ್ಜಿ ಹಾಕಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಮಾತ್ರ ಪಟ್ಟಿಗೆ ಒಂದಕ್ಷರವನ್ನೂ ಸೇರಿಸುವಂತಿಲ್ಲ. ಪರಿಶೀಲನೆಗೆ ದಿನ ಬೇಕಾಗುವುದರಿಂದ ಅರ್ಜಿ ಅದಕ್ಕಿಂತ ಕನಿಷ್ಠ ಹತ್ತು ದಿನ ಮೊದಲೇ ಕೊಟ್ಟಿರಬೇಕು. ಪ್ರಚಾರದ ಗಾಡಿ ಓಣಿಗೆ ಬಂದಾಗ ಹೆಸರು ನೆನಪಾದರೆ ಏನೂ ಪ್ರಯೋಜನವಿಲ್ಲ.

ಇನ್ನು ಮತದಾನದ ದಿನ. ‘ನಿನ್ನ ಹೆಸರಿಲ್ಲವ್ವಾ, ಹೋಗು’ ಎಂದು ಹೇಳಿದ್ದು ಯಾರು ಎಂದು ಮರಳಿ ಬಂದವರನ್ನು ಕೇಳಿ ನೋಡಿ. ಹೆಚ್ಚಿನ ಸಲ ಹೇಳಿದವರು ಅಧಿಕಾರಿಯಲ್ಲ, ಹೊರಗೆ ಟೇಬಲ್ ಹಾಕಿಕೊಂಡು ಚೀಟಿ ಬರೆಯುವ ಪಕ್ಷದ ಹುಡುಗರು. ಅವರ ಕೈಯಲ್ಲಿರುವುದು ಜೆರಾಕ್ಸ್ ಪ್ರತಿ, ಎಷ್ಟೋ ಸಲ ಹಳೆಯದು. ಮತದಾರರ ಪಟ್ಟಿ ಅಕಾರಾದಿಯಾಗಿ ಇರುವುದಿಲ್ಲ, ಓಣಿ ಮತ್ತು ಮನೆ ನಂಬರಿನ ಪ್ರಕಾರ ಇರುತ್ತದೆ. ಹೊಸದಾಗಿ ಸೇರಿದ ಹೆಸರು ಅಪ್ಪ ಅವ್ವನ ಹೆಸರಿನ ಪಕ್ಕದಲ್ಲಿ ಸಿಗುವುದಿಲ್ಲ, ಆ ಭಾಗದ (ಒಂದು ಮತಗಟ್ಟೆಯ ಪಟ್ಟಿಗೆ ಭಾಗ ಎನ್ನುತ್ತಾರೆ) ತೀರ ಕೊನೆಯಲ್ಲಿ, ಪೂರಕ ಪಟ್ಟಿಯಲ್ಲಿ ಕೂತಿರುತ್ತದೆ. ಆ ಕೊನೆಯ ಎರಡು ಹಾಳೆ ಜೆರಾಕ್ಸಿನಲ್ಲಿ ಬಿಟ್ಟುಹೋಗಿದ್ದರೆ ಹುಡುಗನಿಗೆ ಹೆಸರು ಕಾಣುವುದಾದರೂ ಹೇಗೆ? ನಮ್ಮ ಕ್ಯಾಂಪುಗಳಲ್ಲಿ, ಅಂದರೆ ಹೊರಗಿನಿಂದ ಬಂದು ನೆಲೆಸಿದವರ ಊರುಗಳಲ್ಲಿ, ಇನ್ನೊಂದು ತೊಡಕು. ತೆಲುಗು ಮನೆಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಪಟ್ಟಿಯಲ್ಲಿ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಬಂಗಾಳಿ ಮನೆಗಳ ಹೆಸರಿನ ಕಾಗುಣಿತವಂತೂ ಬರೆದವರ ಕಿವಿಗೆ ಕೇಳಿದ ಹಾಗೆ. ಹೆಸರಿನಿಂದ ಹುಡುಕುವ ಬದಲು ವೋಟರ್ ಕಾರ್ಡಿನ ನಂಬರಿನಿಂದ ಹುಡುಕಿದರೆ ಅರ್ಧ ನಿಮಿಷದ ಕೆಲಸ. ಚುನಾವಣಾ ಆಯೋಗದ ಆ್ಯಪಿನಲ್ಲೂ 1950 ನಂಬರಿನ ಸಹಾಯವಾಣಿಯಲ್ಲೂ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡೂ ಸಿಗುತ್ತವೆ. ಹುಡುಕುವುದು ವಿಧಾನಸಭಾ ಕ್ಷೇತ್ರದ ಮೇಲೆ ಎಂಬುದೂ ನೆನಪಿರಲಿ. ಸಿಂಧನೂರು, ಮಸ್ಕಿಯವರು ರಾಯಚೂರು ಜಿಲ್ಲೆಯವರಾದರೂ ಲೋಕಸಭೆಗೆ ಕೊಪ್ಪಳದವರು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ಹಾಗೆಯೇ. ಈ ಗೊಂದಲದಲ್ಲಿ ತಪ್ಪು ಪಟ್ಟಿ ಹುಡುಕಿದವರಿಗೆ ಲೆಕ್ಕವಿಲ್ಲ.

ಹೆಸರು ಇದೆ, ಇಲ್ಲ ಎಂದು ಹೇಳುವ ಅಧಿಕಾರ ಇರುವುದು ಒಳಗಿನ ಒಂದನೇ ಮೇಜಿಗೆ. ಅಲ್ಲಿರುವುದು ಗುರುತು ಹಾಕುವ ಅಧಿಕೃತ ಪ್ರತಿ. ಆ ಪ್ರತಿಯಲ್ಲಿ ಹೆಸರಿನ ಮೇಲೆ ‘ಡಿಲೀಟೆಡ್’ ಎಂದು ಅಡ್ಡಲಾಗಿ ಅಚ್ಚಾಗಿದ್ದರೆ ಮತವಿಲ್ಲ, ವಾದಿಸಿ ಫಲವಿಲ್ಲ. ಎಎಸ್‌ಡಿ ಪಟ್ಟಿಯ ಮಾತು ಬೇರೆ. ಊರಲ್ಲಿಲ್ಲದವರು, ಬೇರೆಡೆ ಹೋದವರು, ತೀರಿಕೊಂಡವರು ಎಂದು ಬಿಎಲ್‌ಒ ಗುರುತಿಸಿದ, ಆದರೆ ಪಟ್ಟಿಯಿಂದ ತೆಗೆಯದ ಹೆಸರುಗಳು ಅದರಲ್ಲಿರುತ್ತವೆ. ಇದು ಬೇರೆಯವರು ಆ ಹೆಸರಿನಲ್ಲಿ ಮತ ಹಾಕದಂತೆ ಪಿಆರ್‌ಒಗೆ ಕೊಟ್ಟ ಎಚ್ಚರಿಕೆ ಅಷ್ಟೇ, ಮತದಾರರನ್ನು ವಾಪಸ್ ಕಳಿಸುವ ಆದೇಶವಲ್ಲ. ಗುಳೆಯಿಂದ ಬಂದ ವ್ಯಕ್ತಿ ಗುರುತಿನ ದಾಖಲೆ ತೋರಿಸಿ, ಪಿಆರ್‌ಒ ಖುದ್ದು ನೋಡಿ ಒಪ್ಪಿದರೆ, ಮತದಾರರು ಸಹಿ ಹಾಕುವ 17ಎ ರಿಜಿಸ್ಟರಿನಲ್ಲಿ ಸಹಿಯ ಜೊತೆ ಹೆಬ್ಬೆಟ್ಟನ್ನೂ ಪಡೆದು ಮತ ಹಾಕಿಸಬೇಕು. ಹೊಸ ಸಿಬ್ಬಂದಿ ಡಿಲೀಟೆಡ್ಡಿಗೂ ಎಎಸ್‌ಡಿಗೂ ವ್ಯತ್ಯಾಸ ತಿಳಿಯದೆ ‘ನಿಮ್ಮದು ಕ್ಯಾನ್ಸಲ್ ಆಗಿದೆ’ ಎಂದುಬಿಡುತ್ತಾರೆ. ತರಬೇತಿಯಲ್ಲಿ ಯಂತ್ರ ಜೋಡಿಸುವುದಕ್ಕೆ ಕೊಡುವ ಹೊತ್ತಿನ ಕಾಲು ಭಾಗವನ್ನೂ ಈ ಒಂದು ಹಾಳೆಗೆ ಕೊಡುವುದಿಲ್ಲ. ನಮ್ಮಂಥ ಜಿಲ್ಲೆಗಳಲ್ಲಿ ಅತಿ ಹೆಚ್ಚು ಮತ ನುಂಗುವ ಹಾಳೆ ಅದೇ.

ವೋಟರ್ ಕಾರ್ಡ್ ಮನೆಯಲ್ಲಿ ಬಿಟ್ಟು ಬಂದವರು, ಗುಳೆ ಗಂಟಿನಲ್ಲಿ ಕಳೆದುಕೊಂಡವರು ಹೆದರಬೇಕಿಲ್ಲ. ಆಧಾರ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಫೋಟೊ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್ ನಡೆಯುತ್ತವೆ. ರೇಷನ್ ಕಾರ್ಡ್ ಆ ಪಟ್ಟಿಯಲ್ಲಿಲ್ಲ, ಜನ ತರುವುದು ಮಾತ್ರ ಅದನ್ನೇ. ಬಿಎಲ್‌ಒ ಹಂಚುವ ಮತದಾರರ ಚೀಟಿ 2019ರಿಂದ ಗುರುತಿನ ದಾಖಲೆಯಲ್ಲ, ಕ್ರಮ ಸಂಖ್ಯೆ ಹೇಳುವ ಕಾಗದ ಅಷ್ಟೇ. ಕಾರ್ಡಿನಲ್ಲಿ ಅಕ್ಷರ ತಪ್ಪಿದ್ದರೆ, ವಯಸ್ಸು ಎರಡು ವರ್ಷ ಆಚೀಚೆ ಇದ್ದರೆ ಯಾರೂ ತಡೆಯುವಂತಿಲ್ಲ, ಮನುಷ್ಯ ಅವನೇ ಎಂದು ಗೊತ್ತಾದರೆ ಸಾಕು. ಫೋಟೊ ಬೇರೆಯವರದು ಬಂದಿದ್ದರೆ ಮೇಲಿನ ಇನ್ನೊಂದು ದಾಖಲೆ ತೋರಿಸಬೇಕು.

‘ನಿಮ್ಮ ಓಟು ಯಾರೋ ಹಾಕಿ ಹೋಗ್ಯಾರ’ ಎಂದರೆ? ಜನ ಬೈದು, ಅತ್ತು, ಹೊರಟುಬಿಡುತ್ತಾರೆ. ಹೊರಡಬಾರದು. ‘ಟೆಂಡರ್ ವೋಟ್ ಕೊಡಿ’ ಎಂದು ಪಿಆರ್‌ಒ ಮುಂದೆ ನಿಲ್ಲಬೇಕು. ಅವರು ಗುರುತಿನ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೆ ನಮೂನೆ 17ಬಿಯಲ್ಲಿ ಸಹಿ ಪಡೆದು ಕಾಗದದ ಮತಪತ್ರ, ಬಾಣದ ಗುರುತಿನ ಮುದ್ರೆ ಕೊಡುತ್ತಾರೆ. ಈ ಮತ ಯಂತ್ರಕ್ಕೆ ಹೋಗುವುದಿಲ್ಲ, ಬೇರೆ ಲಕೋಟೆಯಲ್ಲಿ ಸೀಲ್ ಆಗುತ್ತದೆ. ಸಾಮಾನ್ಯ ಎಣಿಕೆಗೂ ಬರುವುದಿಲ್ಲ. ಹಾಗಾದರೆ ಲಾಭವೇನು? ಅಂತರ ಕಡಿಮೆ ಇದ್ದು ಫಲಿತಾಂಶ ಕೋರ್ಟಿಗೆ ಹೋದರೆ ಆ ಲಕೋಟೆಗೆ ಬೆಲೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಮತಗಟ್ಟೆಯಲ್ಲಿ ಕಳ್ಳಮತ ಬಿದ್ದಿದೆ ಎಂಬುದಕ್ಕೆ ಸರ್ಕಾರಿ ದಾಖಲೆ ಉಳಿಯುತ್ತದೆ. ಹತ್ತು ಜನ ಬೈದು ಹೋದರೆ ಅದು ಗಾಳಿಮಾತು, ಹತ್ತು ಜನ ಟೆಂಡರ್ ಮತ ಹಾಕಿದರೆ ಅದು ಕಾಗದ.

ಯಂತ್ರದ ಮುಂದಿನ ಎಡವಟ್ಟುಗಳು ಸಣ್ಣವು. ವಯಸ್ಸಾದವರು ನೀಲಿ ಗುಂಡಿ ಬಿಟ್ಟು ಚಿಹ್ನೆಯ ಚಿತ್ರವನ್ನೇ ಒತ್ತುತ್ತಾರೆ, ಏನೂ ಆಗುವುದಿಲ್ಲ. ಗುಂಡಿ ಸರಿಯಾಗಿ ಒತ್ತಿದರೆ ಪಕ್ಕದಲ್ಲಿ ಕೆಂಪು ದೀಪ ಬೆಳಗಿ, ವಿವಿಪ್ಯಾಟ್ ಗಾಜಿನೊಳಗೆ ಚೀಟಿ 7 ಸೆಕೆಂಡ್ ಕಂಡು ಒಳಗೆ ಬೀಳುತ್ತದೆ. ಉದ್ದನೆಯ ಬೀಪ್ ಕೇಳುವ ಮುನ್ನ ಮರೆಯಿಂದ ಹೊರಬರಬಾರದು. ಒತ್ತುವುದು ತಿಳಿಯದಿದ್ದರೆ ಹೊರಗೇ ನಿಂತು ರಟ್ಟಿನ ಮಾದರಿ ತೋರಿಸಿ ಹೇಳಿಕೊಡಿ ಎಂದು ಪಿಆರ್‌ಒ ಅವರನ್ನು ಕೇಳುವ ಹಕ್ಕಿದೆ. ಜೊತೆಗೊಬ್ಬರು ಒಳಗೆ ಹೋಗುವ ಅವಕಾಶ ಕಣ್ಣು ಕಾಣದವರಿಗೆ ಮತ್ತು ಗುಂಡಿ ಒತ್ತಲಾಗದಷ್ಟು ಅಶಕ್ತರಿಗೆ ಮಾತ್ರ. ಆ ಸಂಗಾತಿಗೆ 18 ವರ್ಷ ಆಗಿರಬೇಕು, ಗುಟ್ಟು ಕಾಯುವುದಾಗಿ ಬರೆದುಕೊಡಬೇಕು, ಆ ದಿನ ಇನ್ನೊಬ್ಬರಿಗೆ ಸಂಗಾತಿಯಾಗಿರಬಾರದು. ಓದು ಬರಹ ಬಾರದು ಎಂಬುದು ಇದಕ್ಕೆ ಕಾರಣವಲ್ಲ. ಓಣಿಯ ಮುದುಕಿಯರನ್ನೆಲ್ಲ ಸಾಲಾಗಿ ಕರೆತಂದು ಒಬ್ಬನೇ ‘ನಾ ತೋರಿಸ್ತೀನಿ ಬಾ ಆಯಿ’ ಎಂದು ಒಳಗೆ ನುಗ್ಗುವುದು ಸೇವೆಯಲ್ಲ, ಅಪರಾಧ.

ಸಾಲು ಯಾಕೆ ನಿಧಾನ ಎಂಬ ಗೊಣಗಾಟ ಪ್ರತಿ ಸಲ ಇರುತ್ತದೆ, ಲೆಕ್ಕ ಸರಳ. 1,200 ಮತದಾರರ ಗಟ್ಟೆಯಲ್ಲಿ 840 ಜನ ಬಂದರೆ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಒಬ್ಬೊಬ್ಬರಿಗೆ 47 ಸೆಕೆಂಡ್ ಸಿಗುತ್ತದೆ. ಆದರೆ ಮೇ ತಿಂಗಳ ರಾಯಚೂರು ಬಿಸಿಲಿನಲ್ಲಿ ಮಧ್ಯಾಹ್ನ ಯಾರು ಬಂದಾರು? ಅರ್ಧ ಜನ ಹತ್ತು ಗಂಟೆಯೊಳಗೇ ಬಂದರೆ ತಲೆಗೆ 26 ಸೆಕೆಂಡೂ ಸಿಗುವುದಿಲ್ಲ. ತಡವಾಗುವುದು ಯಂತ್ರದಲ್ಲಲ್ಲ, ಹೆಸರು ಹುಡುಕುವ ಒಂದನೇ ಮೇಜಿನಲ್ಲಿ. ಕ್ರಮ ಸಂಖ್ಯೆ ಬಾಯಲ್ಲಿ ಇಟ್ಟುಕೊಂಡು ಬಂದರೆ ಸಾಲು ಓಡುತ್ತದೆ. ಮದುವೆ ಕಾಲ ಬೇರೆ. ಅರಿಶಿಣ, ಎಣ್ಣೆ ಹಚ್ಚಿದ ಬೆರಳನ್ನು ಬಟ್ಟೆಯಿಂದ ಒರೆಸಿಯೇ ಶಾಯಿ ಹಾಕಬೇಕು, ಅಲ್ಲೂ ಹೊತ್ತು ಹೋಗುತ್ತದೆ. ನಡುವೆ ಯಂತ್ರ ಕೆಟ್ಟರೆ ಮನೆಗೆ ಹೋಗಬೇಡಿ. ವಿವಿಪ್ಯಾಟ್ ಒಂದೇ ಕೆಟ್ಟಿದ್ದರೆ ಅದನ್ನಷ್ಟೇ ಬದಲಿಸಿ ಮುಂದುವರಿಸುತ್ತಾರೆ. ಅಧಿಕಾರಿಯ ಬಳಿ ಇರುವ ಕಂಟ್ರೋಲ್ ಯೂನಿಟ್ ಅಥವಾ ಗುಂಡಿಗಳಿರುವ ಬ್ಯಾಲೆಟ್ ಯೂನಿಟ್ ಕೆಟ್ಟರೆ ಮಾತ್ರ ಮೂರನ್ನೂ ಬದಲಿಸಿ, ನೋಟಾ ಸೇರಿ ಪ್ರತಿ ಹೆಸರಿಗೂ ಒಂದೊಂದು ಅಣಕು ಮತ ಹಾಕಿ, ಅಳಿಸಿ, ಸೀಲ್ ಮಾಡಬೇಕು. ಆ ಹೊತ್ತು ಅದಕ್ಕೇ ಹಿಡಿಯುವುದು. ಸೆಖೆಯೆಂದು ಕಿಟಕಿ ತೆರೆದು ಬಿಸಿಲು ನೇರ ವಿವಿಪ್ಯಾಟ್ ಮೇಲೆ ಬೀಳುವಂತೆ ಇಡುವುದೂ ಕೆಡಲು ಒಂದು ಕಾರಣ. ಇದು ನಮ್ಮ ಸಿಬ್ಬಂದಿಗೆ ಹೇಳುವ ಮಾತು.

ರಜೆಯ ವಿಷಯ. 2024ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರಿನಲ್ಲಿ ಏಪ್ರಿಲ್ 26ಕ್ಕೇ ಮತದಾನ ಮುಗಿದಿತ್ತು, ನಮ್ಮಲ್ಲಿ ಮೇ 7. ಅಲ್ಲಿನ ಮೇಸ್ತ್ರಿಗೆ ಮೇ 7 ಮಾಮೂಲಿ ಕೆಲಸದ ದಿನ. ಆದರೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಪ್ರಕಾರ ಮತದಾನದ ಹಕ್ಕಿರುವ ಕೆಲಸಗಾರರಿಗೆ, ದಿನಗೂಲಿಯವರಿಗೂ, ಆ ದಿನ ಸಂಬಳ ಸಹಿತ ರಜೆ ಕೊಡಬೇಕು. ಕೊಡದವರಿಗೆ ದಂಡ 500 ರೂಪಾಯಿವರೆಗೆ. ಬಸ್ ಚಾರ್ಜಿನಷ್ಟೂ ಇಲ್ಲದ ದಂಡಕ್ಕೆ ಹೆದರುವ ಮಾಲೀಕ ಯಾರು? ಮತದಾನದ ಹಿಂದಿನ ರಾತ್ರಿ ನಮ್ಮ ಜಿಲ್ಲೆಗಳಿಗೆ ಹೆಚ್ಚುವರಿ ಬಸ್ ಬಿಟ್ಟರೆ ಜಾಗೃತಿ ಜಾಥಾಗಳಿಗಿಂತ ಹೆಚ್ಚು ಉಪಯೋಗ.

ಹಗಲು ಬಸ್ಸಿಗೆ ಹೊರಟವರು ಊರ ಶಾಲೆ ಮುಟ್ಟುವಾಗ ಆರಕ್ಕೆ ಹತ್ತು ನಿಮಿಷ ಇರುತ್ತದೆ. ಅವರಿಗಾಗಿ ಒಂದು ಮಾತು. ಮುಗಿಯುವ ಹೊತ್ತಿಗೆ ಪಿಆರ್‌ಒ ಸಹಿ ಮಾಡಿದ ಚೀಟಿಗಳನ್ನು ಸಾಲಿನ ಕೊನೆಯಿಂದ ಹಂಚಬೇಕು. ಒಂದನೇ ನಂಬರಿನ ಚೀಟಿ ಕಟ್ಟಕಡೆಗೆ ನಿಂತವರಿಗೆ, ಅಲ್ಲಿಂದ ಮುಂದಕ್ಕೆ. ಅವರ ಹಿಂದೆ ಬಂದು ಯಾರೂ ಸೇರಬಾರದೆಂದು ಹೀಗೆ. ಚೀಟಿ ಸಿಕ್ಕವರ ಮತವನ್ನು ರಾತ್ರಿ ಎಂಟಾದರೂ ತೆಗೆದುಕೊಳ್ಳಲೇಬೇಕು. ಯಂತ್ರ ಬ್ಯಾಟರಿಯ ಮೇಲೆ ನಡೆಯುವುದರಿಂದ ಕರೆಂಟ್ ಹೋದರೂ ನಿಲ್ಲುವುದಿಲ್ಲ. ಒಂದನೇ ಮೇಜಿನವರಿಗೆ ಪಟ್ಟಿ ಕಾಣಬೇಕಲ್ಲ, ಆದ್ದರಿಂದ ಪ್ರತಿ ಮತಗಟ್ಟೆಗೆ ಒಂದು ಚಾರ್ಜಿಂಗ್ ಲೈಟನ್ನು ಜಿಲ್ಲಾಡಳಿತ ಕಳಿಸಿಕೊಡಲಿ.

— ಮತಗಟ್ಟೆ ಕೆಲಸ ಮಾಡಿದ ನಿವೃತ್ತ ಶಿಕ್ಷಕರು, ಸಿಂಧನೂರು