ಪುಸ್ತಕ ವಾಪಸು ಹೋಗುವ ಮೊದಲೇ ಪುಟ ಎಣಿಸಿ

ಮಾನ್ಯರೆ,

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ ಉತ್ಸಾಹಿಗಳು ಸೇರುತ್ತಿರುವುದು ಸಂತೋಷವೇ. ಆದರೆ ಗುಣಮಟ್ಟ ನೋಡುವ ಸ್ವಯಂಸೇವಕರಿಗೆ ಕಡತ ತಲುಪುವ ಹೊತ್ತಿಗೆ ಮೂಲ ಪುಸ್ತಕ ಬಹಳ ಸಲ ಗ್ರಂಥಾಲಯದ ಕಪಾಟು ಸೇರಿರುತ್ತದೆ. ಆಮೇಲೆ ತಪ್ಪು ಸಿಕ್ಕಿ ಏನು ಪ್ರಯೋಜನ? ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಟ್ಟ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿದ್ದು ಈಗ ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಸಿಗುವ ಕಡತಗಳನ್ನು ಬಳಸುವವರಿಗೆ ನಡುವೆ ಮಾಯವಾದ ಹಾಳೆಗಳ ಪರಿಚಯ ಇದ್ದೇ ಇದೆ.

ಮೊದಲು ನೋಡಬೇಕಾದದ್ದು ಅಂದವಲ್ಲ, ಲೆಕ್ಕ. ಪುಸ್ತಕದ 1ನೇ ಪುಟ ಕಡತದ 12ನೇ ಚಿತ್ರವಾಗಿದ್ದರೆ ವ್ಯತ್ಯಾಸ 11. ಹಾಗಿದ್ದಮೇಲೆ 200ನೇ ಪುಟ 211ನೇ ಚಿತ್ರದಲ್ಲಿರಬೇಕು. 209ರಲ್ಲಿ ಸಿಕ್ಕಿತೋ, ಎಲ್ಲೋ ಎರಡು ಹಾಳೆ ಅಂಟಿಕೊಂಡು ಒಟ್ಟಿಗೇ ಮಗುಚಿವೆ ಎಂದರ್ಥ. 213ರಲ್ಲಿ ಸಿಕ್ಕರೆ ಎರಡು ಪುಟ ಮತ್ತೊಮ್ಮೆ ಬಂದಿವೆ, ಇಲ್ಲವೇ ಪುಟಸಂಖ್ಯೆ ಹಾಕದ ಫೋಟೊ ಹಾಳೆಯೊಂದು ಇದೆ. ನಡುವಿನ ಪುಟದಲ್ಲಿ ವ್ಯತ್ಯಾಸ ನೋಡಿ, ತಪ್ಪಿರುವ ಅರ್ಧಕ್ಕೆ, ಮತ್ತೆ ಅದರ ಅರ್ಧಕ್ಕೆ ಹೋಗುತ್ತಿದ್ದರೆ ಏಳೆಂಟು ನೋಟದಲ್ಲಿ ಜಾಗ ಸಿಕ್ಕಿಬಿಡುತ್ತದೆ. ಒಂದು ಕಡೆ ಪುಟಗಳು ಬಿಟ್ಟುಹೋಗಿ ಇನ್ನೊಂದು ಕಡೆ ಅಷ್ಟೇ ಪುಟಗಳು ಎರಡು ಸಲ ಬಂದಿದ್ದರೆ ಮಾತ್ರ ಕೊನೆಯ ಲೆಕ್ಕ ಸರಿಯಾಗಿಯೇ ಕಂಡು ಮೋಸ ಮಾಡುತ್ತದೆ. ಅದಕ್ಕೇ ಹದಿನಾರು ಪುಟಕ್ಕೊಮ್ಮೆ ವ್ಯತ್ಯಾಸ ನೋಡುವುದು ಕ್ಷೇಮ. ಕೊನೆಯ ಒಪ್ಪೋಲೆ (ಅಚ್ಚಿನ ತಪ್ಪುಗಳ ಪಟ್ಟಿ), ಮುಖಪುಟದ ಹಿಂದೆ ಮುದ್ರಣದ ವರ್ಷವಿರುವ ಪುಟ, ಮಡಚಿಟ್ಟ ನಕ್ಷೆ ಇವು ಬಿಟ್ಟುಹೋಗುವುದೇ ಹೆಚ್ಚು.

ಎರಡನೆಯದು ಅಕ್ಷರ. ಪುಟವನ್ನು ಚಿಕ್ಕದಾಗಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಪೂರ್ತಿ ಅಳತೆಗೆ ಹಿಗ್ಗಿಸಿ ಮಹಾಪ್ರಾಣಗಳನ್ನು ನೋಡಿ. ಬೂದುಛಾಯೆ ಇಲ್ಲದೆ ಬರೀ ಕಪ್ಪು-ಬಿಳುಪಿನಲ್ಲಿ ತೆಗೆದಾಗ ಕಪ್ಪು ಹೆಚ್ಚಾದರೆ 'ಧ'ದ ಹೊಟ್ಟೆ ಸೀಳು ಮುಚ್ಚಿಕೊಂಡು ಧನ ದನವಾಗುತ್ತದೆ. ಕಡಿಮೆಯಾದರೆ 'ಠ'ದ ಚುಕ್ಕೆ ಹಾರಿ ಪಾಠ ಪಾರವಾಗುತ್ತದೆ. ಸವೆದ ಅಚ್ಚುಮೊಳೆಯ ಪುಸ್ತಕಗಳಲ್ಲಂತೂ ಕೇಳುವುದೇ ಬೇಡ. ಬಣ್ಣದಲ್ಲೋ ಬೂದುಛಾಯೆಯಲ್ಲೋ, ಕನಿಷ್ಠ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆ) ತೆಗೆದ ಮೂಲ ಚಿತ್ರ ಉಳಿಸಿಕೊಂಡಿದ್ದರೆ ಮತ್ತೆ ಸರಿಪಡಿಸಬಹುದು. ಹೊಲಿಗೆಯ ಬದಿ ನುಂಗಿದ ಅಕ್ಷರಕ್ಕೆ ಆ ಉಪಾಯವೂ ಇಲ್ಲ, ಪುಸ್ತಕವನ್ನೇ ಮತ್ತೆ ಬಿಚ್ಚಿ ಹಿಡಿಯಬೇಕು.

'ಉತ್ತಮ', 'ಸಾಧಾರಣ' ಎಂದು ಅಂಕ ಕೊಡಿಸುವ ಪದ್ಧತಿ ಕೆಲಸಕ್ಕೆ ಬಾರದು. ಒಬ್ಬರ ಸಾಧಾರಣ ಇನ್ನೊಬ್ಬರಿಗೆ ಉತ್ತಮ. 'ಸರಿ ಇದೆ', 'ಮತ್ತೆ ಸ್ಕ್ಯಾನ್ ಆಗಲಿ', 'ದೋಷ ಪುಸ್ತಕದಲ್ಲೇ ಇದೆ' ಎಂಬ ಮೂರೇ ಗುರುತು ಸಾಕು. ಹುಳು ತಿಂದ ಹಾಳೆಯನ್ನು ಹತ್ತು ಸಲ ಸ್ಕ್ಯಾನ್ ಮಾಡಿದರೂ ತೂತು ತೂತೇ; ಅಂಥದಕ್ಕೆ ಬೇರೆ ಪ್ರತಿ ಹುಡುಕಬೇಕು.

ತಡವಾದರೆ ಕಷ್ಟ ಎಷ್ಟೆಂದು ಸ್ಕ್ಯಾನ್ ನೋಡಿಕೊಂಡು ಪುಸ್ತಕಗಳನ್ನು ಪಠ್ಯವಾಗಿಸುವ ಮುಕ್ತ ಜಾಲತಾಣ ವಿಕಿಸೋರ್ಸ್‌ನಲ್ಲಿ ಪಠ್ಯ ತಿದ್ದುವವರನ್ನು ಕೇಳಬೇಕು. ಅರ್ಧ ಪುಸ್ತಕ ತಿದ್ದಿದ ಮೇಲೆ ಬಿಟ್ಟುಹೋದ ಪುಟವನ್ನು ನಡುವೆ ಸೇರಿಸಿದರೆ, ಅಲ್ಲಿಂದ ಮುಂದೆ ತಿದ್ದಿಟ್ಟ ಪುಟಗಳನ್ನೆಲ್ಲ ಒಂದೊಂದು ಸಂಖ್ಯೆ ಮುಂದಕ್ಕೆ ಸರಿಸಬೇಕಾಗುತ್ತದೆ.

ಆದ್ದರಿಂದ ಸ್ಕ್ಯಾನಿಂಗ್ ನಡೆಸುವವರಲ್ಲಿ ಒಂದು ಕೋರಿಕೆ: ಯಂತ್ರ ಇರುವ ಕೋಣೆಯಲ್ಲೇ ಪುಟ ನೋಡುವವರಿಗೂ ಒಂದು ಮೇಜು ಹಾಕಿ. ಅವರು ಸಹಿ ಹಾಕಿದ ಮೇಲಷ್ಟೇ ಪುಸ್ತಕ ಗ್ರಂಥಾಲಯಕ್ಕೆ ವಾಪಸು ಹೋಗಲಿ.

– ಕೆಲವು ಸ್ವಯಂಸೇವಕರು, ಮೈಸೂರು