ಬೆಲ್‌ಗ್ರೇಡ್ ಕೋಟೆಯನ್ನು ಕಾದವರು

ಆತ್ಮೀಯ ಸದಸ್ಯರೇ,

ನಮ್ಮ ಸಂಘದ ಬೇಸಿಗೆ ಪ್ರವಾಸ ಈ ಸಲ ಬೆಲ್‌ಗ್ರೇಡ್‌ಗೆ. ಸಾವಾ ನದಿ ಡ್ಯಾನ್ಯೂಬನ್ನು ಕೂಡುವಲ್ಲಿನ ದಿಬ್ಬದ ಮೇಲಿರುವ ಕಲೆಮೆಗ್ದಾನ್ ಕೋಟೆಯನ್ನು ಮಕ್ಕಳೊಂದಿಗೆ ನೋಡಲಿದ್ದೇವೆ. 1456ರಲ್ಲಿ ಅಲ್ಲಿ ನಡೆದದ್ದನ್ನು, ಯುರೋಪು ಒಗ್ಗಟ್ಟಾಗಿ ತುರ್ಕರನ್ನು ತಡೆದ ಪ್ರಸಂಗವೆಂದು ಹಲವರು ಹೇಳುತ್ತಾರೆ. ಯುರೋಪು ಒಗ್ಗಟ್ಟಾಗಿರಲೇ ಇಲ್ಲ.

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಒಟ್ಟೋಮನ್ ತುರ್ಕರ ವಶವಾದದ್ದನ್ನು ನಾವೆಲ್ಲ ಶಾಲೆಯ ಸಮಾಜ ಪಾಠದಲ್ಲಿ ಓದಿದ್ದೇವೆ. ಅದನ್ನು ಗೆದ್ದ ಸುಲ್ತಾನ ಎರಡನೇ ಮೆಹ್ಮದ್ ಮೂರು ವರ್ಷಗಳ ನಂತರ, ಜುಲೈನಲ್ಲಿ, ದೊಡ್ಡ ಫಿರಂಗಿಗಳೊಡನೆ ಬೆಲ್‌ಗ್ರೇಡನ್ನು ಮುತ್ತಿದ. ಹಂಗೇರಿ ರಾಜ್ಯಕ್ಕೆ ಅದು ದಕ್ಷಿಣದ ಹೆಬ್ಬಾಗಿಲು. ಪೋಪ್ ಮೂರನೇ ಕಲಿಸ್ಟಸ್ ಧರ್ಮಯುದ್ಧಕ್ಕೆ ಕರೆ ಕೊಟ್ಟರೂ ಪಶ್ಚಿಮದ ದೊಡ್ಡ ದೊರೆಗಳು ಕದಲಲಿಲ್ಲ. ಹಂಗೇರಿಯ ಎಳೆಯ ದೊರೆ ಐದನೇ ಲಾಡಿಸ್ಲಾಸ್ ತನ್ನ ರಾಜಧಾನಿ ಬುಡಾ ಬಿಟ್ಟು ವಿಯೆನ್ನಾ ಸೇರಿದ. ಸಿರಿವಂತ ಸಾಮಂತರಲ್ಲಿ ಹೆಚ್ಚಿನವರು ಮನೆಯಲ್ಲೇ ಉಳಿದರು.

ಬಂದವನು ಹಂಗೇರಿಯ ಸೇನಾನಿ ಯಾನೋಶ್ ಹುನ್ಯಾಡಿ. 1444ರಲ್ಲಿ ವಾರ್ನಾದಲ್ಲಿ, 1448ರಲ್ಲಿ ಕೊಸೊವೊದಲ್ಲಿ ಒಟ್ಟೋಮನ್ನರೆದುರು ಸೋತಿದ್ದವನು. ಕೋಟೆಯೊಳಗಿನ ಕಾವಲನ್ನು ಅವನ ಹೆಂಡತಿಯ ಸಹೋದರ ಮಿಹಾಯ್ ಸಿಲಾಗಿ ನೋಡಿಕೊಂಡ. ಇನ್ನೊಬ್ಬರು ಎಪ್ಪತ್ತರ ಇಟಾಲಿಯನ್ ಫ್ರಾನ್ಸಿಸ್ಕನ್ ಸನ್ಯಾಸಿ, ಕಪಿಸ್ಟ್ರಾನೋದ ಜಾನ್. ಅವರ ಉಪದೇಶ ಕೇಳಿ ಬಂದವರು ರೈತರು, ವಿದ್ಯಾರ್ಥಿಗಳು, ಬಡ ಪಾದ್ರಿಗಳು. ಅನೇಕರ ಕೈಯಲ್ಲಿದ್ದದ್ದು ಕುಡುಗೋಲು, ದೊಣ್ಣೆ, ಕವಣೆ.

ಈ ಯುದ್ಧದ ತಿರುವು ನೀರಿನ ಮೇಲಾಯಿತೆಂದೇ ನನ್ನ ನಂಬಿಕೆ. ಒಟ್ಟೋಮನ್ನರು ಹಡಗುಗಳನ್ನು ಸರಪಳಿಯಿಂದ ಬಿಗಿದು ಡ್ಯಾನ್ಯೂಬಿಗೆ ಅಡ್ಡಗಟ್ಟಿದ್ದರು. ಜುಲೈ 14ರಂದು ಹುನ್ಯಾಡಿಯ ದೋಣಿಗಳು ಮೇಲಿನಿಂದ ಹರಿವಿನೊಂದಿಗೆ ನುಗ್ಗಿದವು. ಕೋಟೆಯೊಳಗಿದ್ದವರು ಹಿಂದಿನಿಂದ ಬಂದೆರಗಿದರು. ಸರಪಳಿ ಮುರಿಯಿತು, ಕೋಟೆಗೆ ಕಾಳೂ ಕಾಲಾಳೂ ತಲುಪಿದವು. 21ರ ರಾತ್ರಿ ಸುಲ್ತಾನನ ಆಯ್ದ ಕಾಲಾಳುಗಳಾದ ಜಾನಿಸರಿ ಸೈನಿಕರು ಒಡೆದ ಗೋಡೆಯಿಂದ ಒಳನುಗ್ಗಿದಾಗ ಉರಿಯುವ ಸೌದೆ ಹೊರೆಗಳು ಅವರ ಮೇಲೆ ಬಿದ್ದವು. ಮರುದಿನ ಯಾರೂ ಹೊರಗೆ ಹೋಗಕೂಡದೆಂಬ ಆಜ್ಞೆ ಇತ್ತು. ಆ ರೈತರು ಕೇಳಲಿಲ್ಲ, ಹೊರಟೇಬಿಟ್ಟರು. ಅವರ ಹಿಂದೆ ಮುದಿ ಸನ್ಯಾಸಿಯೂ ನಡೆದರು. ಸುಲ್ತಾನ ಗಾಯಗೊಂಡ, ಸೈನ್ಯ ಹಿಂದೆಗೆಯಿತು.

ಇದನ್ನು ಎರಡು ಮತಗಳ ಯುದ್ಧವೆಂದಷ್ಟೇ ಮಕ್ಕಳಿಗೆ ಹೇಳಬೇಡಿ. 1448ರಲ್ಲಿ ಸೋತು ಮರಳುತ್ತಿದ್ದ ಹುನ್ಯಾಡಿಯನ್ನು ಸೆರೆಹಿಡಿದವನು ಸರ್ಬಿಯಾದ ಕ್ರೈಸ್ತ ದೊರೆ ಬ್ರಾಂಕೋವಿಚ್. ಕಾನ್‌ಸ್ಟಾಂಟಿನೋಪಲ್ಲಿನ ಗೋಡೆಗೆ ಗುರಿಯಿಟ್ಟ ದೈತ್ಯ ಫಿರಂಗಿಯನ್ನು ಎರಕ ಹೊಯ್ದ ಉರ್ಬಾನ್ ಹಂಗೇರಿಯವನೆಂದೇ ಪ್ರಸಿದ್ಧ. ಅಂದಹಾಗೆ ನಮ್ಮ ಬೀದರಿನಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನ್ ಇದೇ ಸುಲ್ತಾನನಿಗೆ ಪತ್ರಗಳನ್ನು ಬರೆದಿದ್ದ. ಇಬ್ಬರೂ ತೀರಿಕೊಂಡದ್ದು 1481ರಲ್ಲಿ.

ಹಂಗೇರಿಯಲ್ಲಿ ಮಧ್ಯಾಹ್ನದ ಚರ್ಚ್ ಗಂಟೆ ಈ ಗೆಲುವಿನ ನೆನಪಿಗೆಂದು ಹೇಳುತ್ತಾರೆ. ಪೋಪ್ ಗಂಟೆ ಬಾರಿಸಲು ಆಜ್ಞಾಪಿಸಿದ್ದು ಜೂನ್ 29ರಂದು, ಮುತ್ತಿಗೆಗೂ ಮೊದಲು. ಅದು ಭಯದಲ್ಲಿದ್ದವರ ಪ್ರಾರ್ಥನೆ. ನನಗೆ ಅದೇ ಹೆಚ್ಚು ಹಿಡಿಸುತ್ತದೆ.

ಗೆದ್ದವರ ಬೀಡಿಗೆ ಪ್ಲೇಗ್ ಬಂತು. ಹುನ್ಯಾಡಿ ಆಗಸ್ಟ್ 11ರಂದು ತೀರಿಕೊಂಡ, ಕಪಿಸ್ಟ್ರಾನೋ ಅಕ್ಟೋಬರಿನಲ್ಲಿ. ಗೆಲುವು ನಮ್ಮದು, ಒಡೆಯರದ್ದಲ್ಲ ಎಂದ ರೈತರ ಪಡೆಯನ್ನು ಬೇಗನೆ ಚದುರಿಸಿ ಊರಿಗೆ ಕಳುಹಿಸಲಾಯಿತು. ಕೋಟೆ ಇನ್ನೂ 65 ವರ್ಷ ನಿಂತಿತು. 1521ರಲ್ಲಿ ಒಟ್ಟೋಮನ್ ಸುಲ್ತಾನ ಸುಲೇಮಾನ್ ಮುತ್ತಿದಾಗಲೂ ಹಂಗೇರಿಯ ಸೈನ್ಯ ಸಮಯಕ್ಕೆ ಬರಲಿಲ್ಲ. ಈ ಬಾರಿ ಕುಡುಗೋಲು ಹಿಡಿದವರೂ ಬರಲಿಲ್ಲ.

— ಸಂಪಾದಕರು