ಮಂಜನಿಗೊಂದು ಪತ್ರ: ಆ 17 ಇಂಚಿನ ಚಕ್ರಕ್ಕೆ ಅಡ್ವಾನ್ಸ್ ಕೊಡುವ ಮೊದಲು

ಪ್ರೀತಿಯ ಮಂಜ,

ನಿನ್ನೆ ರಾತ್ರಿ ನೀನು ಕಳಿಸಿದ ನಾಲ್ಕೂ ಫೋಟೊ ನೋಡಿದೆ. ಕಪ್ಪು ಬಣ್ಣ, ಸಣ್ಣ ಸಣ್ಣ ಕಡ್ಡಿ, 17 ಇಂಚು. ನಿನ್ನ ಬಿಳಿ ಪೋಲೊ ಜಿಟಿ ಕಾರಿಗೆ ಚೆನ್ನಾಗಿಯೇ ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅಡ್ವಾನ್ಸ್ ಕೊಡಬೇಡ ಕಣೋ, ಭಾನುವಾರದ ತನಕ ತಡಿ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಅಂತ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೇ ಚಕ್ರ ಹುಡುಕುತ್ತಿರುವವರಿಗೂ ಸಿಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನನ್ನ ಸ್ವಿಫ್ಟ್‌ಗೆ ಮೂರು ವರ್ಷದ ಹಿಂದೆ ಅಲಾಯ್ ಹಾಕಿಸಿದ್ದು ನಿನಗೆ ಗೊತ್ತು. ಆಮೇಲೆ ಏನಾಯಿತು ಅನ್ನೋದನ್ನ ನಿನಗೆ ಪೂರ್ತಿ ಹೇಳಿರಲಿಲ್ಲ. ಬೆಂಗಳೂರಿನ ಒಂದು ಅಂಗಡಿಯಲ್ಲಿ ತಗೊಂಡೆ. ‘4×100 ತಾನೇ, ಕಣ್ಮುಚ್ಚಿ ಹಾಕಿಸಿ’ ಅಂದರು. ಅಂದರೆ ನಾಲ್ಕು ತೂತು, ಅವು ಕೂತಿರುವ ವೃತ್ತದ ಅಗಲ 100 ಮಿಲಿಮೀಟರ್. ನಾಲ್ಕು ನಟ್ಟೂ ಸಲೀಸಾಗಿ ಕೂತವು. ನೆಲಮಂಗಲ ದಾಟಿ 90ಕ್ಕೆ ಬಂದೆ ನೋಡು, ಸ್ಟೀರಿಂಗ್ ನಡುಗೋಕೆ ಶುರುವಾಯಿತು. ತುಮಕೂರಿಗೆ ಬಂದು ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ. ನಡುಕ ಹಾಗೇ ಇತ್ತು.

ಕೊನೆಗೆ ಬಿ.ಎಚ್. ರಸ್ತೆಯ ಒಬ್ಬ ವಯಸ್ಸಾದ ಟೈರ್ ಅಂಗಡಿಯವರು ಚಕ್ರ ಬಿಚ್ಚಿಸಿದರು. ನಟ್ಟು ಹಾಕದೆ ಅದನ್ನು ಹಬ್ ಮೇಲೆ, ಅಂದರೆ ಚಕ್ರ ಕೂರುವ ಕಾರಿನ ಕಡೆಯ ಗುಂಡನೆಯ ಭಾಗದ ಮೇಲೆ, ಸುಮ್ನೆ ನೇತುಹಾಕಿ, ನನ್ನ ಕೈ ಹಿಡಿದು ಕಿರುಬೆರಳನ್ನು ನಡುವಿನ ತೂತಿಗೆ ಇಡಿಸಿದರು. ಹಬ್ಬಿಗೂ ಚಕ್ರಕ್ಕೂ ಮಧ್ಯೆ ಬೆರಳ ತುದಿ ಹೋಗುವಷ್ಟು ಸಂದು! ಸ್ವಿಫ್ಟ್ ಹಬ್ 54.1 ಮಿಲಿಮೀಟರ್. ಆ ಚಕ್ರದ ತೂತು 73.1. ಎಲ್ಲ ಕಾರಿಗೂ ಆಗಲಿ ಅಂತ ಅಷ್ಟು ದೊಡ್ಡ ತೂತು ಬಿಟ್ಟಿರುತ್ತಾರೆ. ಕಂಪನಿ ಚಕ್ರ ಹಬ್ ಮೇಲೆ ಬಿಗಿಯಾಗಿ ಕೂತು ತಾನಾಗಿಯೇ ನಡುಮಧ್ಯಕ್ಕೆ ಬರುತ್ತದೆ. ಇಲ್ಲಿ ನಟ್ಟು ಬಿಗಿ ಮಾಡುವಾಗ ಕೂದಲೆಳೆಯಷ್ಟು ಆಚೀಚೆ ಆದರೂ ಚಕ್ರ ಓರೆಗೆ ಕೂರುತ್ತದೆ, ವೇಗದಲ್ಲಿ ಅದೇ ನಡುಕ. ಅವರು ನಾಲ್ಕು ಹಬ್ ರಿಂಗ್ ತರಿಸಿ ಹಾಕಿಕೊಟ್ಟರು, ಆ ಸಂದು ತುಂಬುವ, ಕೈಗೆ ಹಾಕುವ ಬಳೆಯಂಥ ಒಂದು ಸಣ್ಣ ಸಾಮಾನು. ಅವತ್ತು ಸಂಜೆ ಕ್ಯಾತ್ಸಂದ್ರದ ತನಕ ಹೋಗಿ ಬಂದೆ. ಸ್ಟೀರಿಂಗ್ ಕಲ್ಲಿನ ಹಾಗೆ ನಿಂತಿತ್ತು.

ಅದಕ್ಕೇ ಹೇಳುತ್ತಿದ್ದೇನೆ. ನಿನ್ನ ಪೋಲೊ ಪಿಸಿಡಿ 5×100. ಐದು ಬೋಲ್ಟಿನ ತೂತುಗಳ ನಡುಬಿಂದುಗಳ ಮೂಲಕ ಹಾದು ಹೋಗುವ ವೃತ್ತದ ಅಗಲ 100 ಮಿಲಿಮೀಟರ್ ಅಂತ ಅರ್ಥ. ಹಬ್ 57.1. ಈ ಎರಡು ಅಂಕಿಯನ್ನು ಫೋನಿನಲ್ಲಿ ಬರೆದಿಟ್ಟುಕೋ. ಸ್ಕೋಡಾ ಆಕ್ಟೇವಿಯಾದ ಚಕ್ರ ಅಗ್ಗಕ್ಕೆ ಸಿಗುತ್ತದೆ ಅಂದಿದ್ದೆ ಅಲ್ವಾ? ಮೊದಲ ತಲೆಮಾರಿನದು ಬಿಟ್ಟರೆ ಅದು 5×112, ಕೂರೋದೇ ಇಲ್ಲ. ಕೂರದೇ ಇರುವುದಾದರೂ ವಾಸಿ, ಕೂತ ಹಾಗೆ ಕಾಣುವುದು ಇನ್ನೂ ಅಪಾಯ. ಫಿಯಟ್ ಪುಂಟೊದ ಚಕ್ರ 4×98. ಅದನ್ನು 4×100 ಕಾರಿಗೆ ಒತ್ತಿ ಬಿಗಿ ಮಾಡಿದವರನ್ನು ನೋಡಿದ್ದೇನೆ. ಎರಡೇ ಮಿಲಿಮೀಟರ್ ತಾನೇ ಅಂತಾರೆ. ಬೋಲ್ಟು ಓರೆಯಾಗಿ ಕೂತು, ಓಡಿಸುತ್ತಾ ಓಡಿಸುತ್ತಾ ಸಡಿಲ ಆಗುತ್ತದೆ.

ಇನ್ನು ಆಫ್‌ಸೆಟ್. ನಾನು ಜಾಸ್ತಿ ಪೆಟ್ಟು ತಿಂದಿದ್ದು ಇಲ್ಲೇ. ಚಕ್ರದ ಹಿಂಭಾಗದಲ್ಲಿ ‘ಇಟಿ’ ಅಂತ ಅಚ್ಚಾಗಿರುತ್ತದೆ, ಮುಂದೆ ಒಂದು ಅಂಕಿ. ಹಬ್ಬಿಗೆ ಅಂಟುವ ಮುಖ ಚಕ್ರದ ಅಗಲದ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನೋದು ಅದು. ಅಂಕಿ ಕಡಿಮೆ ಆದಷ್ಟೂ ಚಕ್ರ ಹೊರಗೆ ಬರುತ್ತದೆ, ಜಾಸ್ತಿ ಆದಷ್ಟೂ ಒಳಗೆ ಹೋಗುತ್ತದೆ. ನನ್ನ ಚಕ್ರ ಜಾಸ್ತಿ ಹೊರಗಿತ್ತು. ನಿಂತಾಗ ಭಾರಿ ಚೆನ್ನಾಗಿ ಕಾಣುತ್ತಿತ್ತು. ಒಂದು ಭಾನುವಾರ ಅಪ್ಪ, ಅಮ್ಮ, ಅಕ್ಕನನ್ನು ಹಿಂದೆ ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟೆ. ಬೆಟ್ಟ ಹತ್ತುವಾಗ ಪ್ರತಿ ತಿರುವಿನಲ್ಲೂ ಹಿಂದಿನಿಂದ ಪರಪರ ಅಂತ ಸದ್ದು. ಮೇಲೆ ನಿಲ್ಲಿಸಿ ಮಡ್‌ಗಾರ್ಡ್ ಒಳಗೆ ಕೈ ಆಡಿಸಿದೆ. ಅಂಚಿನ ಬಣ್ಣ ಹೋಗಿ ತಗಡು ಹೊಳೆಯುತ್ತಿತ್ತು. ಟೈರಿನ ಹೆಗಲ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಸುತ್ತಲೂ ಒಂದು ಗೆರೆ, ಮುಟ್ಟಿದರೆ ಇನ್ನೂ ಬಿಸಿ. ಇಳಿಯುವಾಗ ಅವರನ್ನೆಲ್ಲ ಅದೇ ಕಾರಿನಲ್ಲಿ ಕರೆದುಕೊಂಡು ಬರಬೇಕಿತ್ತು. ಅವತ್ತಿನ ಭಯ ಇನ್ನೂ ಹೋಗಿಲ್ಲ.

ನಿನ್ನ ಲೆಕ್ಕ ಹಾಕೋಣ. ಈಗಿರುವುದು 6 ಇಂಚು ಅಗಲ, ಇಟಿ 40 ಅಂತ ಇಟ್ಟುಕೋ. ಚಕ್ರ ಬಿಚ್ಚಿ ಹಿಂದೆ ಬರೆದಿರುವುದನ್ನು ನೀನೇ ನೋಡು, ಬೇರೆ ಇದ್ದರೆ ಲೆಕ್ಕ ಬದಲಾಗುತ್ತದೆ. ನೀನು ಕಳಿಸಿರುವುದು 7 ಇಂಚು ಅಗಲ, ಇಟಿ 35. ಅಗಲ ಒಂದು ಇಂಚು ಹೆಚ್ಚಿದರೆ ಎರಡೂ ಕಡೆ ಹತ್ತತ್ತಿರ 12.7 ಮಿಲಿಮೀಟರ್ ಬೆಳೆಯುತ್ತದೆ. ಆಫ್‌ಸೆಟ್ 5 ಕಡಿಮೆ ಆದ್ದರಿಂದ ಅದು ಹೊರಗೆ ಸೇರಿ 17.7. ಒಳಗೆ 7.7. ಹೆಬ್ಬೆರಳ ಅಗಲದಷ್ಟು ಚಕ್ರ ಹೊರಗೆ ಬಂದು ನಿಂತಿತು. ಮನೆ ಮುಂದೆ ನಿಲ್ಲಿಸಿದಾಗ ಏನೂ ಆಗಲ್ಲ. ಹಿಂದೆ ಮೂರು ಜನ ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇದ್ದು, ಹಂಪ್ ಹತ್ತಿದಾಗ ಗೊತ್ತಾಗುತ್ತದೆ. ಟೈರು ಮಡ್‌ಗಾರ್ಡ್ ದಾಟಿ ಹೊರಗೆ ಚಾಚಿದರೆ ಪೊಲೀಸರೂ ನಿಲ್ಲಿಸಬಹುದು. ವಿಮೆ ಕಂಪನಿಗೂ ಚಕ್ರ ಬದಲಿಸಿದ್ದನ್ನು ಮೊದಲೇ ತಿಳಿಸಿಬಿಡು.

ಟೈರಿನ ವಿಷಯ. ನಿನ್ನದು 185/60 ಆರ್15. ಅಗಲ 185 ಮಿಲಿಮೀಟರ್, ಗೋಡೆ ಅದರ ನೂರಕ್ಕೆ 60ರಷ್ಟು, ರಿಮ್ 15 ಇಂಚು ಅಂತ. ರಬ್ಬರಿನ ಗೋಡೆ 111 ಮಿಲಿಮೀಟರ್, ಚಕ್ರದ ಪೂರ್ತಿ ಎತ್ತರ 603. ಆ 17 ಇಂಚಿಗೆ ಎತ್ತರ ಸರಿ ಮಾಡೋಕೆ ಚಕ್ರ ಮಾರುವವರು 215/40 ಹೇಳಿರಬೇಕು. ಎತ್ತರ 604, ಸ್ಪೀಡೋಮೀಟರ್ ಸರಿ ಇರುತ್ತದೆ, ನಿಜ. ಆದರೆ ಗೋಡೆ 86ಕ್ಕೆ ಇಳಿಯಿತು. ಒಂದು ಇಂಚು ರಬ್ಬರ್ ಕಳಕೊಂಡೆ. ಮಳೆಗಾಲದಲ್ಲಿ ಸರ್ವಿಸ್ ರಸ್ತೆಯಲ್ಲಿ ನೀರು ತುಂಬಿದ ಗುಂಡಿ ಕಾಣಲ್ಲ ಅಲ್ವಾ, ಆ ಒಂದು ಇಂಚೇ ರಿಮ್ ಉಳಿಸೋದು. 16 ಇಂಚಿಗೆ 195/50 ಹಾಕಿದರೆ ಎತ್ತರ 601, ಗೋಡೆ 97.5. ಇದು ನನಗೆ ಒಪ್ಪಿಗೆ. ಟೈರಿನ ಮೇಲೆ 84 ಅಂತ ಲೋಡ್ ಅಂಕಿ ಇರಬೇಕು, ಒಂದು ಟೈರು 500 ಕೆ.ಜಿ. ಹೊರುತ್ತದೆ ಅಂತ. ಅದಕ್ಕಿಂತ ಕಡಿಮೆಯದು ಬೇಡ.

ತೂಕ ಕೇಳಿದ್ಯಾ? ಇದನ್ನು ಯಾರೂ ಕೇಳಲ್ಲ. ನಿನ್ನ ಗಾಡಿಯ ಮಜಾ ಇರುವುದೇ ಆ 1.2 ಟಿಎಸ್‌ಐ ಟರ್ಬೊ ಪೆಟ್ರೋಲ್ ಇಂಜಿನ್ ಹಗುರವಾಗಿ ಎಳೆಯುವುದರಲ್ಲಿ. ಅದರ ಶಕ್ತಿ 105 ಪಿಎಸ್, ಅಷ್ಟೇ. ಭಾರದ ಚಕ್ರ ಹಾಕಿದರೆ ಅದನ್ನು ತಿರುಗಿಸೋಕೂ ಶಕ್ತಿ ಬೇಕು, ನಿಲ್ಲಿಸೋಕೂ ಬ್ರೇಕ್ ಬೇಕು. ಗುಂಡಿಗೆ ಬಿದ್ದಾಗ ಸಸ್ಪೆನ್ಷನ್‌ಗೆ ಅಷ್ಟು ಭಾರವನ್ನು ಹಿಡಿಯೋಕೆ ಆಗದೆ ಗಾಡಿ ಎಗರುತ್ತದೆ. ಸುಮ್ನೆ ಅಂಗಡಿಯ ತಕ್ಕಡಿ ಮೇಲೆ ನಿನ್ನ ಹಳೇ ಚಕ್ರ ಇಡು, ಹೊಸದು ಇಡು. ಹೊಸದು ಒಂದೂವರೆ, ಎರಡು ಕೆ.ಜಿ. ಜಾಸ್ತಿ ಬಂದರೆ ಅಲ್ಲಿಂದ ಎದ್ದು ಬಾ. ಫ್ಲೋ ಫಾರ್ಮ್ಡ್ ಅಂತ ಬರುತ್ತದೆ. ಅಚ್ಚಿಗೆ ಹೊಯ್ದ ಚಕ್ರವನ್ನು ಕಾಯಿಸಿ ತಿರುಗಿಸುತ್ತಾ ರೋಲರ್‌ನಿಂದ ಒತ್ತಿ ಅಂಚನ್ನು ಎಳೆಯುತ್ತಾರೆ. ಹಗುರ, ಗಟ್ಟಿಯೂ ಇರುತ್ತದೆ. ದುಡ್ಡು ಜಾಸ್ತಿ, ಆದರೆ ಕೊಡಬಹುದು.

ನನ್ನನ್ನು ಕೇಳಿದರೆ ಬೇರೆಯವರು ಮಾಡಿದ ಹೊರಗಿನ ಚಕ್ರಕ್ಕೇ ಹೋಗಬೇಡ. ನಿನ್ನದೇ ಬಳಗದ ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಿವೆ. ವೆಂಟೊ, ರ‍್ಯಾಪಿಡ್, ಈಗಿನ ವರ್ಟಸ್, ಸ್ಲಾವಿಯಾ, ಎಲ್ಲವೂ 5×100, ಎಲ್ಲದರ ಹಬ್ಬೂ 57.1. ಪೋಲೊ ಇಲ್ಲಿ 2022ರಲ್ಲಿ ನಿಂತರೂ ಅದರ 16 ಇಂಚಿನ ಕಂಪನಿ ಚಕ್ರ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ರಿಂಗ್ ಬೇಡ, ನಿನ್ನ ಬೋಲ್ಟೇ ಆಗುತ್ತದೆ. ಇಟಿ ಮಾತ್ರ ಓದಿಕೋ, ಬೆಳಕಿಗೆ ಹಿಡಿದು ಒಳಗಡೆ ಬಿರುಕು, ವೆಲ್ಡಿಂಗ್ ಗುರುತು ಇದೆಯಾ ನೋಡು.

ಹೊರಗಿನದೇ ಬೇಕು ಅಂದರೆ ಬೋಲ್ಟು ಮರೆಯಬೇಡ. ನಿನ್ನ ಕಂಪನಿ ಬೋಲ್ಟಿನ ಕೂರುವ ಜಾಗ ಗುಂಡಗೆ, ಗೋಲಿಯ ಹಾಗೆ. ಹೊರಗಿನ ಚಕ್ರಗಳಲ್ಲಿ ಸಾಮಾನ್ಯವಾಗಿ ಆ ಜಾಗ ಆಲಿಕೆಯ ಹಾಗೆ ಚೂಪು. ಗುಂಡನೆಯದನ್ನು ಆಲಿಕೆಗೆ ಹಾಕಿದರೆ ಒಂದು ಸಣ್ಣ ಗೆರೆಯಲ್ಲಿ ಮಾತ್ರ ತಾಗುತ್ತದೆ, ಬಿಗಿ ನಿಲ್ಲಲ್ಲ. ಹೊಸ ಬೋಲ್ಟು ಕೊಡಿಸಿಕೋ. ಕೈಯಲ್ಲಿ ತಿರುಗಿಸಿದಾಗ ಏಳೆಂಟು ಸುತ್ತು ಹೋಗಬೇಕು. ಹಳೆಯ ಐದು ಬೋಲ್ಟನ್ನು ಮನೆಯಲ್ಲಿ ಎತ್ತಿಡಬೇಡ, ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆಗೆ ಇಡು. ಸ್ಟೆಪ್ನಿಗೆ ಅದೇ ಬೇಕು. ರಾತ್ರಿ ಹೊತ್ತು ಶಿರಾ ದಾರಿಯಲ್ಲಿ ಪಂಕ್ಚರ್ ಆಗಿ, ಕೈಯಲ್ಲಿ ತಪ್ಪು ಬೋಲ್ಟು ಹಿಡಿದು ನಿಲ್ಲಬಾರದು ನೀನು.

ಭಾನುವಾರ ಬೆಳಗ್ಗೆ ಬಾ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಅದೇ ಟೈರ್ ಅಂಗಡಿಗೆ ಹೋಗೋಣ. ಮೊದಲು ಮುಂದಿನದೊಂದು, ಹಿಂದಿನದೊಂದು ಹಾಕಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡೋಣ. ನಾನು, ನನ್ನ ತಮ್ಮ, ಅವನ ಇಬ್ಬರು ಗೆಳೆಯರು ಗಾಡಿಯಲ್ಲಿ ಕೂರುತ್ತೇವೆ, ನೀನು ಹೊರಗೆ ನಿಂತು ಮಡ್‌ಗಾರ್ಡ್ ಸಂದು ನೋಡು. ಹಬ್ಬಿನ ತುಕ್ಕನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿಸೋಣ. ಬೋಲ್ಟನ್ನು ಗಾಳಿ ಗನ್ನಿನಲ್ಲಿ ಹೊಡೆಸಬೇಡ, ಎಷ್ಟು ಬಿಗಿ ಅಂತ ಅಳೆದು ಬಿಗಿ ಮಾಡುವ ಟಾರ್ಕ್ ಸ್ಪ್ಯಾನರ್ ಅವರ ಹತ್ತಿರ ಇದೆ, ನಿನ್ನದಕ್ಕೆ 120 ಎನ್‌ಎಂ (ನ್ಯೂಟನ್ ಮೀಟರ್). ಮನೆಗೆ ಹೋಗಿ, ಮಾರನೇ ದಿನ ಕೆಲಸಕ್ಕೆ ತುಮಕೂರಿಗೆ ಬರುತ್ತೀಯಲ್ಲ, ಅಷ್ಟಕ್ಕೆ ಸುಮಾರು 100 ಕಿಲೋಮೀಟರ್ ಆಗಿರುತ್ತದೆ. ಗಾಡಿ ತಣ್ಣಗಾದ ಮೇಲೆ ಇನ್ನೊಂದು ಸಲ ಬಿಗಿ ನೋಡಿಸೋಣ, ನಾನೂ ಅಂಗಡಿ ಹತ್ತಿರ ಬರುತ್ತೇನೆ.

ಬರುವ ಮೊದಲು ಒಂದು ಚಕ್ರ ಬಿಚ್ಚಿ ಹಿಂದಿನ ಅಚ್ಚಿನ ಫೋಟೊ ಕಳಿಸು.

ನಿನ್ನ,
ರವಿ
ತುಮಕೂರು